ಸಾವಿರ ಮರಿ, ಒಂದು ತಾಯಿ: ಸಿಹಿನೀರಿನ ಆಮೆಗಳನ್ನು ಊರಿನವರು ಉಳಿಸುವ ಲೆಕ್ಕ

ಪತ್ರಿಕೆಗಳಲ್ಲಿ ಆಗಾಗ ಒಂದು ಚಿತ್ರ ಬರುತ್ತದೆ. ನದಿಯ ದಂಡೆಯಲ್ಲಿ ಸಾಲಾಗಿ ನಿಂತ ಗಣ್ಯರು, ಕೈಯಲ್ಲಿ ಬುಟ್ಟಿ, ಬುಟ್ಟಿಯಿಂದ ಇಳಿದು ನೀರಿನತ್ತ ತೆವಳುತ್ತಿರುವ, ಅಂಗೈಗಿಂತ ಚಿಕ್ಕದಾದ ಆಮೆ ಮರಿಗಳು. ಕೆಳಗೊಂದು ಸಾಲು: ಇಷ್ಟು ಸಾವಿರ ಮರಿಗಳನ್ನು ನದಿಗೆ ಬಿಡಲಾಯಿತು. ಸಾವಿರದ ಮಾತು ಕೇಳಿದ ಮೇಲೆ ಆಮೆಗಳ ಚಿಂತೆ ತೀರಿತೆಂದೇ ಓದುಗರಿಗೆ ಅನ್ನಿಸುತ್ತದೆ.

ಆ ಚಿತ್ರದಲ್ಲಿ ಇಬ್ಬರು ಕಾಣಿಸುವುದಿಲ್ಲ. ಒಬ್ಬ, ಎರಡು ತಿಂಗಳು ಮರಳದಿಬ್ಬದ ಮೇಲೆ ಮಲಗಿ ನರಿಗಳಿಂದ ಗೂಡು ಕಾಯ್ದ ಕಾವಲುಗಾರ. ಇನ್ನೊಬ್ಬ, ಬಲೆಗೆ ಸಿಕ್ಕ ದೊಡ್ಡ ಹೆಣ್ಣಾಮೆಯನ್ನು ಮಾರದೆ, ತನ್ನ ಬಲೆಯ ಎಳೆಗಳನ್ನು ತಾನೇ ಕತ್ತರಿಸಿ ಅದನ್ನು ನೀರಿಗೆ ಬಿಟ್ಟ ಮೀನುಗಾರ. ಇವರಲ್ಲಿ ಯಾರ ಉಪಕಾರ ದೊಡ್ಡದು ಎಂದು ಕೇಳಿದರೆ ಹೆಚ್ಚಿನವರು ಕಾವಲುಗಾರನ ಕಡೆ ಕೈ ತೋರಿಸುತ್ತಾರೆ. ಅವನು ನೂರು ಮರಿ ಉಳಿಸಿದ, ಇವನು ಉಳಿಸಿದ್ದು ಒಂದೇ ಆಮೆ. ಆಮೆಯ ಲೆಕ್ಕ ಹಾಗಿಲ್ಲ. ಆ ಲೆಕ್ಕವನ್ನು ಬಿಡಿಸಿದರೆ, ಆಮೆಯ ರಕ್ಷಣೆ ಎಂದಾಗಲೆಲ್ಲ ಊರಿನವರ ಮಾತು ಏಕೆ ಬರುತ್ತದೆ ಎನ್ನುವುದೂ ತಿಳಿಯುತ್ತದೆ.

## ಯಾವ ಆಮೆ, ಯಾವ ನೀರು

ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಹೆಸರು, ಆಮೆ. ಬದುಕುವ ಜಾಗ ನೋಡಿದರೆ ಮೂರು ಗುಂಪು. ಕಡಲಾಮೆಗಳು ಏಳೇ ಜಾತಿ. ಒಣ ನೆಲದ ಮೇಲೆ ಆನೆಗಾಲು ಊರಿ ನಡೆಯುವ ನೆಲದಾಮೆಗಳು ಇನ್ನೊಂದು ಗುಂಪು. ಜಗತ್ತಿನಲ್ಲಿರುವ ಸುಮಾರು 360 ಜಾತಿಗಳಲ್ಲಿ ಉಳಿದ ಬಹುಪಾಲು ನದಿ, ಕೆರೆ, ಹಿನ್ನೀರು, ಜೌಗುಗಳಲ್ಲಿ ಬದುಕುವ ಸಿಹಿನೀರಿನ ಆಮೆಗಳು. ಕೆಲವಕ್ಕೆ ಗಟ್ಟಿ ಚಿಪ್ಪು. ಇನ್ನು ಕೆಲವಕ್ಕೆ ಚಿಪ್ಪಿನ ಮೇಲೆ ತೊಗಲು ಹೊದಿಸಿದಂತಿರುತ್ತದೆ, ಇವು ಮೃದುಚಿಪ್ಪಿನ ಆಮೆಗಳು.

ಚಿಪ್ಪು ಆಮೆಯ ಮನೆಯಲ್ಲ. ಬೆನ್ನೆಲುಬೂ ಪಕ್ಕೆಲುಬುಗಳೂ ಬೆಸೆದುಕೊಂಡು ಆದ ಮೂಳೆಯೇ ಅದು. ಅದರಿಂದ ಆಮೆ ಹೊರಬರಲಾರದು, ಅದು ಒಡೆದರೆ ಮೈಯೇ ಒಡೆದಂತೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ: ನೀರಿನಲ್ಲೇ ಬದುಕಿದರೂ ಆಮೆಗೆ ಇರುವುದು ನಮ್ಮಂತೆಯೇ ಶ್ವಾಸಕೋಶ. ಉಸಿರಿಗಾಗಿ ಅದು ಮೇಲೆ ಬರಲೇಬೇಕು. ಬಲೆಯಲ್ಲಿ ಸಿಕ್ಕಿ ನೀರಿನಡಿಯೇ ಉಳಿದರೆ ಆಮೆ ಮುಳುಗಿ ಸಾಯುತ್ತದೆ. ಕೇಳಲು ವಿಚಿತ್ರ, ಆದರೆ ಜಗತ್ತಿನ ಎಷ್ಟೋ ನದಿಗಳಲ್ಲಿ ದಿನವೂ ನಡೆಯುವ ಸಾವು ಇದು.

ಇನ್ನು ಜೌಗು ಪ್ರದೇಶ ಎಂಬ ಮಾತು. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದ ಇದನ್ನು ಬಲು ವಿಶಾಲವಾಗಿ ಹೇಳುತ್ತದೆ. ಕೆಸರು ನೆಲ ಮಾತ್ರವಲ್ಲ, ನದಿ, ಸರೋವರ, ಮನುಷ್ಯರು ಕಟ್ಟಿದ ಕೆರೆ, ಭತ್ತದ ಗದ್ದೆ, ಆಳವಿಲ್ಲದ ಕಡಲಂಚು ಎಲ್ಲವೂ ಅದರಲ್ಲಿ ಸೇರುತ್ತವೆ. ಆ ಒಪ್ಪಂದದ ಲೆಕ್ಕದ ಪ್ರಕಾರವೇ 1970ರಿಂದ 2015ರ ನಡುವೆ ಜಗತ್ತಿನ ಜೌಗು ಪ್ರದೇಶಗಳಲ್ಲಿ ಸುಮಾರು ಶೇ 35ರಷ್ಟು ಇಲ್ಲವಾಗಿವೆ. ಆಮೆಯ ಮಟ್ಟಿಗೆ ನೀರು ಉಳಿದರಷ್ಟೇ ಸಾಲದು, ದಡವೂ ಉಳಿಯಬೇಕು. ಬಹುತೇಕ ಎಲ್ಲ ಆಮೆಗಳೂ ಮೊಟ್ಟೆ ಇಡುವುದು ನೆಲದಲ್ಲಿ: ಮರಳದಿಬ್ಬದಲ್ಲಿ, ಕೆರೆ ಏರಿಯ ಮಣ್ಣಿನಲ್ಲಿ, ಗದ್ದೆಯ ಬದುವಿನಲ್ಲಿ. ಅಂದರೆ ಮನುಷ್ಯರು ದಿನವೂ ಓಡಾಡುವ ಜಾಗದಲ್ಲಿ.

ನೀರಿನಲ್ಲಿ ಆಮೆಯ ಕೆಲಸ ಜಾಡಮಾಲಿಯದು. ಸತ್ತ ಮೀನು, ಕೊಳೆತ ಗಿಡ, ಬಸವನಹುಳು, ಪಾಚಿ, ಏನು ಸಿಕ್ಕರೂ ತಿನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಮೀನಿನ ಹೆಣಗಳನ್ನು ನೀರಿಗೆ ಹಾಕಿ ನಡೆಸಿದ ಪ್ರಯೋಗದಲ್ಲಿ, ಆಮೆಗಳಿದ್ದ ಕಡೆ ಹೆಣಗಳು ಬೇಗ ಕರಗಿ ನೀರು ಬೇಗ ಚೇತರಿಸಿಕೊಂಡಿತು. ಆಮೆಗಳಿಲ್ಲದ ಕಡೆ ಹಾಗಾಗಲಿಲ್ಲ.

## ಅಸಲು ಮತ್ತು ಬಡ್ಡಿ

ಈಗ ಲೆಕ್ಕಕ್ಕೆ ಬರೋಣ. ಒಂದು ಹೆಣ್ಣಾಮೆ ಪ್ರಾಯಕ್ಕೆ ಬರಲು 15 ವರ್ಷ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಆಮೇಲೆ 30 ವರ್ಷ ಕಾಲ ವರ್ಷಕ್ಕೆ 20 ಮೊಟ್ಟೆ ಇಡುತ್ತದೆ. ಒಟ್ಟು 600 ಮೊಟ್ಟೆ. ಆಮೆಗಳ ಸಂಖ್ಯೆ ಹೆಚ್ಚದೆ ಕುಗ್ಗದೆ ಇರಬೇಕಾದರೆ ಈ 600ರಲ್ಲಿ ಎರಡು ಮಾತ್ರ ದೊಡ್ಡವಾದರೆ ಸಾಕು, ತಾಯಿಯ ಜಾಗಕ್ಕೊಂದು, ತಂದೆಯ ಜಾಗಕ್ಕೊಂದು. ಉಳಿದ 598 ನರಿಗೆ, ಉಡಕ್ಕೆ, ಕಾಗೆಗೆ, ಮೀನಿಗೆ, ನೆರೆಗೆ ಹೋಗುತ್ತವೆ. ಪ್ರಕೃತಿ ಈ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದೆ.

ಇದನ್ನೇ ತಿರುಗಿಸಿ ನೋಡಿ. ಒಂದು ದೊಡ್ಡ ಆಮೆ ತಯಾರಾಗಲು ಸರಾಸರಿ 300 ಮೊಟ್ಟೆಗಳೂ 15 ವರ್ಷಗಳೂ ಬೇಕು. ಮೊಟ್ಟೆಗಳಲ್ಲಿ ಅರ್ಧ ಒಡೆದು ಮರಿಯಾದವು ಎಂದುಕೊಂಡರೂ 150 ಮರಿಗಳಿಗೆ ಒಂದು ದೊಡ್ಡ ಆಮೆ ಸಮ. ಚಿತ್ರದಲ್ಲಿ ಕಾಣಿಸದ ಇಬ್ಬರನ್ನು ಈಗ ಮತ್ತೆ ತಕ್ಕಡಿಗಿಡಿ. ಕಾವಲುಗಾರನ 100 ಮರಿಗಳಿಗಿಂತ ಮೀನುಗಾರನ ಒಂದು ಆಮೆಯ ತೂಕವೇ ಜಾಸ್ತಿ.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ದೊಡ್ಡ ಆಮೆ ಅಸಲು, ಮೊಟ್ಟೆ ಬಡ್ಡಿ. ಬಡ್ಡಿಯಲ್ಲಿ ಒಂದಷ್ಟು ಖರ್ಚಾದರೂ ಖಾತೆ ನಡೆಯುತ್ತದೆ. ಅಸಲಿಗೇ ಕೈ ಹಾಕಿದರೆ ದಿವಾಳಿ. ಇದು ಬರಿಯ ಹೋಲಿಕೆಯಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಜಸ್ಟಿನ್ ಕಾಂಗ್ಡನ್ ಮತ್ತು ಸಂಗಡಿಗರು ದಶಕಗಳ ಕಾಲ ಒಂದೇ ಜೌಗಿನ ಆಮೆಗಳನ್ನು ಗುರುತು ಹಾಕಿ ಹಿಂಬಾಲಿಸಿದರು. 1994ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಸ್ನ್ಯಾಪಿಂಗ್ ಎಂಬ ಜಾತಿಯ ಆಮೆಗಳಲ್ಲಿ ದೊಡ್ಡವುಗಳ ಸಾವು ವರ್ಷಕ್ಕೆ ಶೇ 10ರಷ್ಟು ಹೆಚ್ಚಾದರೆ ಸಾಕು, 20 ವರ್ಷದೊಳಗೆ ಅವುಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಕೆನಡಾದ ಅಲ್ಗಾಂಕ್ವಿನ್ ಉದ್ಯಾನದಲ್ಲಿ ಇದು ಕಣ್ಣೆದುರೇ ನಡೆಯಿತು. 1980ರ ದಶಕದ ಕೊನೆಯಲ್ಲಿ ನೀರುನಾಯಿಗಳು ಚಳಿಗಾಲದಲ್ಲಿ ಮಂಕಾಗಿ ಮಲಗಿದ್ದ ದೊಡ್ಡ ಆಮೆಗಳನ್ನು ಕೊಂದವು. ಎರಡು ದಶಕ ಕಳೆದರೂ ಅಲ್ಲಿನ ಆಮೆಗಳ ಸಂಖ್ಯೆ ಚೇತರಿಸಿಕೊಳ್ಳಲಿಲ್ಲ. ಅದು ಸಂರಕ್ಷಿತ ಪ್ರದೇಶ, ಬೇಟೆಗಾರರ ಕಾಟವಿಲ್ಲದ ಜಾಗ ಎನ್ನುವುದನ್ನು ನೆನಪಿಡಬೇಕು.

ಅಸಲು ಪೂರ್ತಿ ಕರಗಿದರೆ ಏನಾಗುತ್ತದೆ ಎನ್ನುವುದಕ್ಕೆ ಯಾಂಗ್‌ಟ್ಸೆ ದೈತ್ಯ ಮೃದುಚಿಪ್ಪಿನ ಆಮೆ ಸಾಕ್ಷಿ. ಚೀನಾದ ಸುಝೌ ಮೃಗಾಲಯದಲ್ಲಿದ್ದ ಹೆಣ್ಣು 2019ರ ಏಪ್ರಿಲ್‌ನಲ್ಲಿ ಸತ್ತಿತು. 2020ರಲ್ಲಿ ವಿಯೆಟ್ನಾಮಿನ ಡಾಂಗ್ ಮೊ ಸರೋವರದ ಆಮೆ ಹೆಣ್ಣೆಂದು ಖಚಿತವಾದಾಗ ಮತ್ತೆ ಆಸೆ ಚಿಗುರಿತು. 2023ರ ಏಪ್ರಿಲ್‌ನಲ್ಲಿ ಅದೂ ಸತ್ತು ತೇಲಿತು. ಮನುಷ್ಯರ ವಶದಲ್ಲಿ ಉಳಿದಿರುವುದು ಸುಝೌನ ಒಂದು ಗಂಡು. ಡಾಂಗ್ ಮೊ ಆಮೆಯ ಕಥೆಯಲ್ಲೂ ಒಬ್ಬ ಮೀನುಗಾರನಿದ್ದಾನೆ. 2008ರಲ್ಲಿ ಕಟ್ಟೆ ಒಡೆದು ಆ ಆಮೆ ಹೊರಗೆ ಕೊಚ್ಚಿಹೋದಾಗ ಅದು ಸಿಕ್ಕಿದ್ದು ಅವನ ಬಲೆಗೆ. ಮಾತುಕತೆಯ ನಂತರ ಅದು ಮತ್ತೆ ಸರೋವರ ಸೇರಿತು.

ಹಾಗೆಂದು ಮೊಟ್ಟೆ ಕಾಯುವುದು ದಂಡ ಎಂದರ್ಥವಲ್ಲ. ಬಡ್ಡಿಯೇ ಬಾರದ ಖಾತೆಯೂ ಒಂದು ದಿನ ಬರಿದಾಗುತ್ತದೆ. ಆಸ್ಟ್ರೇಲಿಯಾದ ಮರ್ರೆ ನದಿಯ ಕೆಲವೆಡೆ ಹೊರಗಿನಿಂದ ತಂದು ಬಿಟ್ಟ ನರಿಗಳು ಶೇ 90ಕ್ಕಿಂತ ಹೆಚ್ಚು ಗೂಡುಗಳನ್ನು ತಿಂದು ಮುಗಿಸುತ್ತವೆ. ಅಂಥ ಕಡೆ ನೀರಿನಲ್ಲಿ ದೊಡ್ಡ ಆಮೆಗಳು ಕಾಣುತ್ತಲೇ ಇರುತ್ತವೆ. ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ. ಆದರೆ ಅದು ಮಕ್ಕಳಿಲ್ಲದ, ಮುದುಕರೇ ಉಳಿದ ಊರಿನಂತೆ.

## ಇವು ಕಡಿಮೆಯಾಗುತ್ತಿರುವುದೇಕೆ

ಮಾಂಸ, ಮೊಟ್ಟೆ, ಔಷಧಿಯ ನಂಬಿಕೆ, ಸಾಕುಪ್ರಾಣಿ ವ್ಯಾಪಾರ, ಅಣೆಕಟ್ಟು, ಮರಳು ಗಣಿಗಾರಿಕೆ, ಮೀನಿನ ಬಲೆ. ಪಟ್ಟಿ ಉದ್ದವಿದೆ, ಒಂದೊಂದು ನದಿಯಲ್ಲಿ ಒಂದೊಂದು ಮುಂದೆ. ಹಳೆಯ ದೊಡ್ಡ ಲೂಟಿ ನಡೆದದ್ದು ಅಮೆಜಾನ್‌ನಲ್ಲಿ. ದೀಪಕ್ಕೂ ಅಡುಗೆಗೂ ಬಳಸುವ ಎಣ್ಣೆಗಾಗಿ ಅಲ್ಲಿ ಆಮೆ ಮೊಟ್ಟೆಗಳನ್ನು ದೋಣಿಗಳಲ್ಲಿ ತುಂಬಿ ತುಳಿದು ಹಿಂಡುತ್ತಿದ್ದರು. 19ನೇ ಶತಮಾನದ ಪ್ರಕೃತಿ ವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್ ಹಾಕಿದ ಅಂದಾಜು ವರ್ಷಕ್ಕೆ 4.8 ಕೋಟಿ ಮೊಟ್ಟೆ. 1990ರ ದಶಕದಲ್ಲಿ ಏಷ್ಯಾದ ನದಿಗಳಿಂದ ಚೀನಾದ ಮಾರುಕಟ್ಟೆಗೆ ಆಮೆಗಳು ಟನ್ನುಗಟ್ಟಲೆ ಸಾಗತೊಡಗಿದಾಗ ಜಗತ್ತು ಇನ್ನೊಮ್ಮೆ ಬೆಚ್ಚಿತು.

ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ‘ಅಳಿವಿನಂಚು’ ಎಂಬ ಮಾತಿಗೆ ನಿರ್ದಿಷ್ಟ ಅಳತೆಯಿದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ಶೇ 50ರಷ್ಟು ಕುಸಿದರೆ ಅಳಿವಿನಂಚಿನ ಜಾತಿ, ಶೇ 80ರಷ್ಟು ಕುಸಿದರೆ ತೀವ್ರ ಅಳಿವಿನಂಚಿನದು. ಬೇರೆ ಅಳತೆಗೋಲುಗಳೂ ಇವೆ, ಆಮೆಗಳಿಗೆ ಹೆಚ್ಚು ಬಳಕೆಯಾಗುವುದು ಇದು. ಆಮೆಯ ಮೂರು ತಲೆಮಾರೆಂದರೆ ಮುಕ್ಕಾಲು ಶತಮಾನ ದಾಟಬಹುದು. ಅಷ್ಟು ಹಿಂದೆ ನದಿಯಲ್ಲಿ ಎಷ್ಟು ಆಮೆಗಳಿದ್ದವು ಎಂದು ಬರೆದಿಟ್ಟವರಾರು? ಬಹಳಷ್ಟು ಕಡೆ ಉತ್ತರ ಸಿಗುವುದು ಹಳೆಯ ಮೀನುಗಾರರ ನೆನಪಿನಲ್ಲಿ ಮಾತ್ರ. ಊರಿನವರ ಪಾತ್ರ ಶುರುವಾಗುವುದೇ ಇಲ್ಲಿಂದ.

## ಬೇಲಿ ಹಾಕಿದರೆ ಸಾಲದೇ

ಹುಲಿಗೆ ಅಭಯಾರಣ್ಯ ಮಾಡಿದಂತೆ ಆಮೆಗೂ ಮಾಡಬಹುದಲ್ಲ ಎನ್ನುವುದು ಸಹಜ ಪ್ರಶ್ನೆ. ಕೆಲವು ಕಡೆ ಮಾಡಿದ್ದಾರೆ. ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಹರಡಿರುವ ರಾಷ್ಟ್ರೀಯ ಚಂಬಲ್ ಅಭಯಾರಣ್ಯವೇ ಇಂದು ಕೆಂಪುತಲೆಯ ಬಟಾಗುರ್ ಕಚುಗಾ ಆಮೆಯ ಕೊನೆಯ ದೊಡ್ಡ ನೆಲೆ. ಒಂದು ಕಾಲದಲ್ಲಿ ಗಂಗೆಯ ಬಯಲಿನುದ್ದಕ್ಕೂ ಇದ್ದ ಜಾತಿ ಅದು.

ಆದರೆ ನೀರಿಗೆ ಬೇಲಿ ನಿಲ್ಲುವುದಿಲ್ಲ. ನದಿ ನೂರಾರು ಊರುಗಳ ಪಕ್ಕದಲ್ಲಿ ಹಾದುಹೋಗುತ್ತದೆ. ಕೆರೆ ಊರಿನ ನಡುವೆಯೇ ಇರುತ್ತದೆ. ಅರಣ್ಯ ರಕ್ಷಕ ತಿಂಗಳಿಗೊಮ್ಮೆ ಬರುವ ಜಾಗಕ್ಕೆ ಮೀನುಗಾರ ದಿನಕ್ಕೆರಡು ಬಾರಿ ಹೋಗುತ್ತಾನೆ. ಬಲೆಯಲ್ಲಿ ಆಮೆ ಸಿಕ್ಕ ಆ ಗಳಿಗೆಯಲ್ಲಿ ಅಲ್ಲಿರುವವನು ಅವನೊಬ್ಬನೇ.

ಕಾನೂನು ಬೇಕು, ಅದರ ಬಲ ಇಷ್ಟೇ ಎನ್ನುವುದೂ ತಿಳಿದಿರಬೇಕು. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್. 2022ರಲ್ಲಿ ಪನಾಮದಲ್ಲಿ ನಡೆದ ಅದರ ಸಮಾವೇಶ ಬಟಾಗುರ್ ಕಚುಗಾ ಮತ್ತು ಭಾರತ ಪರ್ಯಾಯ ದ್ವೀಪದ ನದಿಗಳಿಗೇ ಸೀಮಿತವಾದ ಲೀತ್‌ನ ಮೃದುಚಿಪ್ಪಿನ ಆಮೆ ಎರಡನ್ನೂ ಮೊದಲ ಅನುಬಂಧಕ್ಕೆ ಏರಿಸಿತು. ಅಂದರೆ ಗಡಿ ದಾಟಿಸಿ ಅವುಗಳ ವಾಣಿಜ್ಯ ವ್ಯಾಪಾರ ಮಾಡುವಂತಿಲ್ಲ. ಭಾರತದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಆದರೆ ಕಾನೂನಿನ ಭಯ ಮಾತ್ರ ಇದ್ದು ನಂಬಿಕೆ ಇಲ್ಲದ ಕಡೆ ವಿಚಿತ್ರವೊಂದು ನಡೆಯುತ್ತದೆ. ಆಕಸ್ಮಿಕವಾಗಿ ಬಲೆಗೆ ಬಿದ್ದ ಆಮೆಯ ವಿಷಯ ಹೇಳಿದರೆ ಕೇಸು ಬಿದ್ದೀತು ಎಂದು ಮೀನುಗಾರ ಬಾಯಿ ಮುಚ್ಚಿಕೊಳ್ಳುತ್ತಾನೆ. ಆಮೆಯೂ ಹೋಯಿತು, ಅದು ಅಲ್ಲಿತ್ತು ಎಂಬ ಸುದ್ದಿಯೂ ಹೋಯಿತು.

ಎಲ್ಲರಿಗೂ ಸೇರಿದ, ಯಾರೊಬ್ಬರದೂ ಅಲ್ಲದ ನೀರು, ಹುಲ್ಲುಗಾವಲು, ಮೀನುಗಳನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಜೀವಮಾನವಿಡೀ ಅಧ್ಯಯನ ಮಾಡಿದ ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡದ್ದರಲ್ಲಿ ನಮಗೆ ಬೇಕಾದದ್ದಿಷ್ಟು: ನಿಯಮವನ್ನು ಬಳಸುವವರೇ ಮಾಡಿರಬೇಕು, ಕಾವಲೂ ಅವರದೇ ಇರಬೇಕು, ತಪ್ಪಿದವರಿಗೆ ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು. ಇಷ್ಟಿದ್ದ ಕಡೆ ಊರೊಟ್ಟಿನ ಆಸ್ತಿ ಬಾಳಿಕೆ ಬರುತ್ತದೆ.

## ಗೂಡಿನ ಹತ್ತಿರ

ಕೆಲಸ ಹೇಗೆ ನಡೆಯುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡೋಣ. ಆಮೆಯ ಗೂಡೆಂದರೆ ಒಂದು ಗುಳಿ ಅಷ್ಟೆ. ರಾತ್ರಿ ಅಥವಾ ನಸುಕಿನಲ್ಲಿ ಹೆಣ್ಣು ದಡ ಹತ್ತಿ ಹಿಂಗಾಲುಗಳಿಂದ ಮರಳು ತೋಡುತ್ತದೆ. ಮೊಟ್ಟೆಯಿಟ್ಟು ಮುಚ್ಚಿ, ಹೊಟ್ಟೆಯಿಂದ ತಟ್ಟಿ ನೆಲ ಸಮ ಮಾಡಿ ಹೋಗುತ್ತದೆ. ಬೆಳಗಾದ ಮೇಲೆ ಉಳಿಯುವುದು ಹೆಜ್ಜೆಯ ಜಾಡು ಮಾತ್ರ, ಗಾಳಿ ಬೀಸಿದರೆ ಅದೂ ಇಲ್ಲ. ಆ ಜಾಡನ್ನು ಓದಬಲ್ಲವರು ಯಾರು? ತಲೆತಲಾಂತರದಿಂದ ಮೊಟ್ಟೆ ಅಗೆದು ತಂದವರು. ಬ್ರೆಜಿಲ್‌ನಲ್ಲಿ ಅಮೆಜೋನಾಸ್ ಫೆಡರಲ್ ವಿಶ್ವವಿದ್ಯಾಲಯದ ನೆರವಿನಿಂದ 1999ರಲ್ಲಿ ಊರಿನವರು ಆರಂಭಿಸಿದ ಯೋಜನೆಯ ಹೆಸರೇ ‘ಪೆ ದೆ ಪಿಂಚಾ’, ಅಂದರೆ ಬಾಟಲಿ ಮುಚ್ಚಳದ ಪಾದ. ಅಲ್ಲಿನ ಹಳದಿ ಚುಕ್ಕೆಯ ಆಮೆ ಮರಳಿನ ಮೇಲೆ ನಡೆದರೆ ಸೋಡಾ ಬಾಟಲಿಯ ಮುಚ್ಚಳ ಒತ್ತಿದಂತೆ ಗುರುತು ಮೂಡುತ್ತದೆ. ಈ ಹೆಸರು ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ.

ಗೂಡು ಸುರಕ್ಷಿತ ಜಾಗದಲ್ಲಿದ್ದರೆ ಮೇಲೆ ತಂತಿ ಬಲೆ ಮುಚ್ಚಿ ಅಲ್ಲೇ ಕಾಯುತ್ತಾರೆ. ನೆರೆ ಬರುವ ಅಥವಾ ದನಗಳು ತುಳಿಯುವ ಜಾಗದಲ್ಲಿದ್ದರೆ ಮೊಟ್ಟೆಗಳನ್ನು ಎತ್ತರದ ಜಾಗದಲ್ಲಿ ಮರಿ ಮಾಡಿಸಲೆಂದೇ ಸಿದ್ಧಪಡಿಸಿದ ಮರಿಗೂಡಿಗೆ ಸಾಗಿಸಬೇಕು. ಇದು ನಾಜೂಕಿನ ಕೆಲಸ. ಕೋಳಿ ಮೊಟ್ಟೆಯನ್ನು ಕಾವಿನಲ್ಲಿ ಆಗಾಗ ತಿರುಗಿಸಬೇಕು, ಆಮೆ ಮೊಟ್ಟೆಯನ್ನು ತಿರುಗಿಸಲೇಬಾರದು. ಇಟ್ಟ ಒಂದು ದಿನದೊಳಗೆ ಭ್ರೂಣ ಮೊಟ್ಟೆಯ ಮೇಲ್ಭಾಗದ ಒಳಮೈಗೆ ಅಂಟಿಕೊಳ್ಳುತ್ತದೆ. ಆ ಜಾಗದಲ್ಲಿ ಹೊರಗಿನಿಂದ ಸುಣ್ಣ ಸವರಿದಂಥ ಬಿಳಿ ಮಚ್ಚೆ ಕಾಣುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ ಭ್ರೂಣ ಸಾಯಬಹುದು. ಅದಕ್ಕೇ ಗುಳಿಯಿಂದ ತೆಗೆಯುವ ಮೊದಲು ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲ್‌ನಿಂದ ಒಂದು ಗುರುತು. ಗುರುತು ಮೇಲಿರುವಂತೆಯೇ ಒದ್ದೆ ಮರಳು ತುಂಬಿದ ಪೆಟ್ಟಿಗೆಗೆ, ಅಲ್ಲಿಂದ ಅದೇ ಆಳ ಅದೇ ಅಗಲಕ್ಕೆ ತೋಡಿದ ಹೊಸ ಗುಳಿಗೆ. ಎರಡು ರೂಪಾಯಿಯ ಪೆನ್ಸಿಲ್ ಕೂಡ ಬೇಕಿಲ್ಲ, ಅದರ ತುಂಡಾದರೂ ಸಾಕು. ಬೇಕಾದದ್ದು ನಡುಗದ ಕೈ.

ಜಾಗದ ಆಯ್ಕೆಯಲ್ಲೂ ಎಚ್ಚರ ಬೇಕು. ಅನೇಕ ಆಮೆಗಳಲ್ಲಿ ಮರಿ ಹೆಣ್ಣೋ ಗಂಡೋ ಎಂದು ನಿರ್ಧರಿಸುವುದು ಗುಳಿಯ ಬಿಸಿ. ಬೆಚ್ಚಗಿದ್ದರೆ ಹೆಣ್ಣು, ತುಸು ತಂಪಾಗಿದ್ದರೆ ಗಂಡು. ಹೆಚ್ಚಿನ ಜಾತಿಗಳಲ್ಲಿ ಈ ಗಡಿ ಇರುವುದು 28ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಮೃದುಚಿಪ್ಪಿನವು ಈ ನಿಯಮಕ್ಕೆ ಹೊರಗು. ಎಲ್ಲ ಮೊಟ್ಟೆಗಳನ್ನೂ ಒಂದೇ ಮರದ ನೆರಳಿನಲ್ಲಿ ಹೂತರೆ ವರ್ಷದ ಮರಿಗಳೆಲ್ಲ ಗಂಡೇ ಆಗಿಬಿಡಬಹುದು. ಆದ್ದರಿಂದಲೇ, ಆದಷ್ಟು ಮಟ್ಟಿಗೆ, ತಾಯಿ ಆರಿಸಿದ ಜಾಗದಲ್ಲೇ ಗೂಡನ್ನು ಬಿಡುವುದು ಲೇಸು.

ಅಮೆಜಾನ್‌ನ ದೈತ್ಯ ನದಿ ಆಮೆಯ ಮರಿಗಳು ಮೊಟ್ಟೆಯೊಳಗಿನಿಂದಲೇ ಸಣ್ಣ ದನಿ ಹೊರಡಿಸುತ್ತವೆ ಎಂಬುದು ಇತ್ತೀಚೆಗೆ ತಿಳಿದ ಸಂಗತಿ. ನದಿಯಲ್ಲಿ ಹೆಣ್ಣಾಮೆಗಳು ಅವಕ್ಕಾಗಿ ಕಾದಿದ್ದು, ಮರಿಗಳು ನೀರಿಗಿಳಿದ ಮೇಲೆ ಜೊತೆಯಾಗಿ ಸಾಗುತ್ತವೆ. ಆಮೆ ಮೊಟ್ಟೆಯಿಟ್ಟು ಮರೆತುಬಿಡುತ್ತದೆ ಎಂದು ಶತಮಾನಗಳ ಕಾಲ ನಂಬಿದ್ದೆವು.

## ಬಲೆಯ ಹತ್ತಿರ

ಕೊಡಗಿನ ಬೆಟ್ಟಗಳಲ್ಲಿ ಪಯಸ್ವಿನಿಯಾಗಿ ಹುಟ್ಟುವ ನದಿ ಕಾಸರಗೋಡಿನ ಬಳಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಅದರಲ್ಲಿ ಕ್ಯಾಂಟರ್‌ನ ದೈತ್ಯ ಮೃದುಚಿಪ್ಪಿನ ಆಮೆ ಇದೆ. ನೂರು ಕಿಲೋ ತೂಗಬಲ್ಲ ಪ್ರಾಣಿಯಾದರೂ ಅದನ್ನು ಕಾಣುವುದು ಕಷ್ಟ. ದಿನದ ಹೆಚ್ಚು ಹೊತ್ತು ಮರಳಿನಲ್ಲಿ ಹೂತುಕೊಂಡು, ಕಣ್ಣು ಮೂಗು ಮಾತ್ರ ಹೊರಗಿಟ್ಟು ಬೇಟೆಗೆ ಹೊಂಚು ಹಾಕುತ್ತದೆ. ಸಂಶೋಧಕರು ಸಾಂಪ್ರದಾಯಿಕ ಸಮೀಕ್ಷೆಗಳಿಂದ ಹುಡುಕಿದರೆ ಸಿಗುವುದು ಅಷ್ಟಕ್ಕಷ್ಟೇ. ಆದರೆ ದಡದ ಜನರಿಗೆ ಅದು ‘ಭೀಮನಾಮ’, ಭೀಮನಂಥ ಆಮೆ. ಹೆಸರಿದೆ ಎಂದರೆ ಪರಿಚಯವಿದೆ ಎಂದೇ ಅರ್ಥ.

ಸಂಶೋಧಕಿ ಆಯುಷಿ ಜೈನ್ ಮತ್ತು ಸಂಗಡಿಗರು ಅಲ್ಲಿ ಮಾಡಿದ್ದು ಸರಳ ಕೆಲಸ: ದಡದವರ ಜೊತೆ ಕೂತು ಮಾತನಾಡಿದರು. ಎಲ್ಲಿ ಕಂಡಿರಿ, ಯಾವ ತಿಂಗಳು, ಎಷ್ಟು ದೊಡ್ಡದು, ಬಲೆಗೆ ಸಿಕ್ಕಾಗ ಏನು ಮಾಡಿದಿರಿ. ಆ ಮಾತುಗಳಿಂದ ಒಂದು ಸುದ್ದಿಜಾಲ ಬೆಳೆಯಿತು. ಆಮೆ ಸಿಕ್ಕರೆ ಯಾರಿಗೆ ತಿಳಿಸಬೇಕೆಂದು ಮೀನುಗಾರರಿಗೆ ಗೊತ್ತಾಯಿತು. 2024ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅಲ್ಲಿ ಮೊಟ್ಟೆಯಿಡುತ್ತಿದ್ದ ಹೆಣ್ಣು ದಾಖಲಾಯಿತು. ನೀರು ನುಗ್ಗಿದ ಗೂಡುಗಳಿಂದ ಮೊಟ್ಟೆಗಳನ್ನು ಎತ್ತಿ ಕಾಪಾಡಿ, ಮರಿಗಳನ್ನು ನದಿಗೆ ಬಿಡಲಾಯಿತು. ಬಲೆಗೆ ಬಿದ್ದ ಆಮೆಗಳೂ ಜೀವಂತವಾಗಿ ನೀರಿಗೆ ಮರಳಿದವು.

ಬಲೆಯ ವಿಷಯದಲ್ಲಿ ಉಪಾಯಗಳು ತೀರಾ ಸಾದಾ. ಬುಟ್ಟಿಬಲೆಯೊಳಗೆ ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿದರೆ ಬಲೆಯ ಒಂದು ಭಾಗ ನೀರಿನ ಮೇಲೆ ತೇಲುತ್ತದೆ. ಒಳಗೆ ಸಿಕ್ಕ ಆಮೆ ಅಲ್ಲಿ ಮೂಗು ಚಾಚಿ ಉಸಿರಾಡಬಹುದು. ಮೊಟ್ಟೆಯಿಡುವ ತಿಂಗಳಲ್ಲಿ ದಿಬ್ಬದ ಮುಂದೆ ಬಲೆ ಹಾಕದಿರುವುದು, ಹಾಕಿದ ಬಲೆಯನ್ನು ಬೇಗ ಬೇಗ ನೋಡುವುದು, ಹರಿದ ಬಲೆಯನ್ನು ನೀರಿನಲ್ಲೇ ಬಿಟ್ಟು ಬಾರದಿರುವುದು. ಇವಾವುದನ್ನೂ ಹೊರಗಿನವರು ಬಂದು ಮಾಡಲಾರರು.

## ಕಾಯ್ದವರಿಗೆ ಏನು ಸಿಗುತ್ತದೆ

ನೇರ ಪ್ರಶ್ನೆ, ತಪ್ಪಿಸಿಕೊಳ್ಳಬಾರದ ಪ್ರಶ್ನೆ. ಮೊಟ್ಟೆ ಮಾರಿದರೆ ಇವತ್ತೇ ದುಡ್ಡು. ಆಮೆ ಉಳಿದರೆ ಲಾಭ ಯಾರಿಗೋ, ಯಾವಾಗಲೋ. ಪ್ರೀತಿಯಿಂದ ಕಾಯಿರಿ ಎಂದು ಉಪದೇಶ ಮಾಡುವುದು ದೂರ ಕೂತವರಿಗೆ ಸುಲಭ.

ಕಾಂಬೋಡಿಯಾದಲ್ಲಿ ಎರಡು ಕಡೆ ಈ ಗಂಟನ್ನು ಒಂದೇ ರೀತಿ ಬಿಡಿಸಿದರು. ಅಳಿದೇಹೋಯಿತು ಎಂದುಕೊಂಡಿದ್ದ ‘ರಾಜ ಆಮೆ’ 2000ದಲ್ಲಿ ಸ್ರೆ ಅಂಬೆಲ್ ನದಿಯಲ್ಲಿ ಮತ್ತೆ ಕಂಡಿತು. 2007ರಲ್ಲಿ ಮೆಕಾಂಗ್ ನದಿಯಲ್ಲಿ ಕ್ಯಾಂಟರ್‌ನ ಆಮೆ ಸಿಕ್ಕಿತು. ಎರಡೂ ಕಡೆ ಕಾವಲಿಗೆ ಆರಿಸಿದ್ದು ಹಿಂದೆ ಮೊಟ್ಟೆ ಕದಿಯುತ್ತಿದ್ದವರನ್ನೇ. ಗೂಡು ಹುಡುಕುವ ಅವರ ಕಣ್ಣು ಹಾಗೆಯೇ ಉಳಿಯಿತು, ಕೂಲಿ ಮಾತ್ರ ಈಗ ಕಾಯ್ದದ್ದಕ್ಕೆ.

ಪೆರುವಿನ ಪಕಾಯಾ ಸಮಿರಿಯಾ ಮೀಸಲು ಪ್ರದೇಶದಲ್ಲಿ ಇನ್ನೊಂದು ದಾರಿ. ಅಲ್ಲಿನ ಗುಂಪುಗಳು ಮೊಟ್ಟೆಗಳನ್ನು ಕೃತಕ ಮರಳತೀರಗಳಿಗೆ ಸಾಗಿಸಿ ಮರಿ ಮಾಡುತ್ತವೆ. ಬಹಳಷ್ಟನ್ನು ನದಿಗೆ ಬಿಟ್ಟು, ಒಂದು ಪಾಲನ್ನು ಪರವಾನಗಿ ಪಡೆದು ಮಾರುತ್ತವೆ. ಬಡ್ಡಿಯಲ್ಲಿ ಒಂದಂಶ ತಿಂದು ಅಸಲು ಕಾಯುವ ಲೆಕ್ಕ ಇದು. ಇದನ್ನು ಒಪ್ಪದವರೂ ಇದ್ದಾರೆ. ಕಾನೂನುಬದ್ಧ ಮಾರಾಟದ ನೆರಳಿನಲ್ಲಿ ಕಳ್ಳಮಾಲೂ ಸಾಗಬಹುದು ಎಂಬುದು ಅವರ ವಾದ.

ಹಣ ಕೊಡುವ ರೀತಿ ಬಹಳ ಮುಖ್ಯ. ಜೀವಂತ ಆಮೆ ತಂದುಕೊಟ್ಟರೆ ಇಷ್ಟು ಎಂದು ಘೋಷಿಸಿದರೆ ಜನ ಆಮೆ ಹಿಡಿಯಲೆಂದೇ ನೀರಿಗಿಳಿಯುತ್ತಾರೆ. ರಕ್ಷಣೆಯ ಹೆಸರಿನಲ್ಲಿ ಹೊಸ ಸಂತೆ ತೆರೆದಂತಾಗುತ್ತದೆ. ಹರಿದ ಬಲೆಗೆ ಪರಿಹಾರ, ಮರಿಗಳು ಹೊರಬರುವವರೆಗೆ ಉಳಿದ ಗೂಡಿಗೆ ಕೂಲಿ ಎಂದಿಟ್ಟರೆ ಈ ಅಪಾಯ ಕಡಿಮೆ.

ಅಸ್ಸಾಮಿನಲ್ಲಿ ಹಣದ ಮಾತೇ ಇಲ್ಲದೆ ಒಂದು ಜಾತಿ ಉಳಿಯಿತು. ಕಪ್ಪು ಮೃದುಚಿಪ್ಪಿನ ಆಮೆಯನ್ನು ಐಯುಸಿಎನ್ 2002ರಲ್ಲಿ ಕಾಡಿನಲ್ಲಿ ಅಳಿದುಹೋದ ಜಾತಿ ಎಂದು ದಾಖಲಿಸಿತ್ತು. ಆದರೆ ಹಾಜೋದ ಹಯಗ್ರೀವ ಮಾಧವ ದೇವಸ್ಥಾನದ ಕೊಳದಂಥ ಕಡೆ, ಬಾಂಗ್ಲಾದೇಶದ ಚಟ್ಟೋಗ್ರಾಮದ ಬಾಯಜೀದ್ ಬೋಸ್ತಾಮಿ ದರ್ಗಾದ ಕೊಳದಲ್ಲಿ, ಭಕ್ತರು ಅವನ್ನು ಮುಟ್ಟದೆ ಕಾಪಾಡಿದ್ದರು. ಮುಂದೆ ಕಾಡಿನ ನೀರಿನಲ್ಲೂ ಅವು ಇರುವುದು ತಿಳಿದು ಪಟ್ಟಿ ತಿದ್ದಿದರು. ದೇವಸ್ಥಾನಗಳ ಕೊಳದಂಡೆಯ ಮೊಟ್ಟೆಗಳಿಂದ ಮಾಡಿದ ಮರಿಗಳು ಈಗ ಪೊಬಿತೊರಾದಂಥ ಜೌಗುಗಳಿಗೆ ಹೋಗಿವೆ. ಭಕ್ತಿಗೂ ತನ್ನದೇ ತೊಡಕುಗಳಿವೆ ಎನ್ನಿ. ಕೊಳದ ಸುತ್ತ ಚೆಂದಕ್ಕೆಂದು ಕಾಂಕ್ರೀಟು ಹಾಕಿದರೆ ಆಮೆಗೆ ಮೊಟ್ಟೆಯಿಡಲು ಒಂದು ಮುಷ್ಟಿ ಮಣ್ಣೂ ಉಳಿಯುವುದಿಲ್ಲ.

## ಎಲ್ಲಿ ಎಡವುತ್ತದೆ

ಯೋಜನೆಯ ಆಯುಷ್ಯ ಸಾಮಾನ್ಯವಾಗಿ ಮೂರೋ ಐದೋ ವರ್ಷ, ಆಮೆ ಪ್ರಾಯಕ್ಕೆ ಬರಲು ಹದಿನೈದು. ದುಡ್ಡು ನಿಂತ ವರ್ಷ ಕಾವಲೂ ನಿಂತರೆ ಹಿಂದಿನ ದುಡಿಮೆಯೆಲ್ಲ ನೀರಿನಲ್ಲಿ ಹುಣಸೆ ಹಿಂಡಿದಂತೆ.

ಮರಿಗಳನ್ನು ಒಂದೆರಡು ವರ್ಷ ತೊಟ್ಟಿಯಲ್ಲಿ ಸಾಕಿ, ಮೀನಿನ ಬಾಯಿಗೆ ಹಿಡಿಸದಷ್ಟು ದೊಡ್ಡದಾದ ಮೇಲೆ ಬಿಡುವ ಕ್ರಮವೂ ಇದೆ. ಇದರಿಂದ ಪ್ರಯೋಜನವಿದೆ, ಆದರೆ ನದಿಯಲ್ಲಿ ಬಲೆಗಳು ಹಾಗೆಯೇ ಇದ್ದರೆ ಸಾಕಿದ ಆಮೆಯೂ ಅದೇ ಬಲೆಗೆ ಬೀಳುತ್ತದೆ. ಸೋರುವ ಕೊಡಕ್ಕೆ ನೀರು ತುಂಬುವ ಕೆಲಸ. ತೊಟ್ಟಿಯಿಂದ ರೋಗ ನದಿಗೆ ಹೋಗದಂತೆ, ಒಂದು ನದಿಯ ಆಮೆಯನ್ನು ಇನ್ನೊಂದು ನದಿಗೆ ಬಿಡದಂತೆ ನೋಡಿಕೊಳ್ಳಬೇಕು. ಅಣೆಕಟ್ಟಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಿಡುವ ನೀರು, ಮರಳು ತೆಗೆಯುವ ಯಂತ್ರ, ಇವು ಊರಿನವರ ಕೈಗೆ ಮೀರಿದವು. ಇಲ್ಲಿ ಸರ್ಕಾರವೇ ಮುಂದೆ ಬರಬೇಕು. ಸಮುದಾಯದ ಹೆಸರು ಹೇಳಿ ಹೊಣೆ ಜಾರಿಸುವುದು ಸುಲಭ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

## ಫಲ ಸಿಕ್ಕಿತೋ ಇಲ್ಲವೋ

ಬಿಟ್ಟ ಮರಿಗಳ ಸಂಖ್ಯೆ ಫಲವಲ್ಲ, ಅದು ಬಿತ್ತನೆಯ ಲೆಕ್ಕ. ನೋಡಬೇಕಾದದ್ದು ವರ್ಷದಿಂದ ವರ್ಷಕ್ಕೆ ದಡಕ್ಕೆ ಬರುವ ತಾಯಂದಿರು ಹೆಚ್ಚಿದರೋ ಎನ್ನುವುದನ್ನು. ಬ್ರೆಜಿಲ್‌ನ ಜುರುವಾ ನದಿಯಲ್ಲಿ ಇದಕ್ಕೆ ಉತ್ತರವಿದೆ, ಏಕೆಂದರೆ ಅಲ್ಲಿ ಮರಳತೀರಗಳ ಕಾವಲು 1970ರ ದಶಕದಿಂದ ನಡೆಯುತ್ತಿದೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾವಲಿದ್ದ ತೀರಗಳ 2,000ಕ್ಕೂ ಹೆಚ್ಚು ಗೂಡುಗಳಲ್ಲಿ ಕಳ್ಳರ ಪಾಲಾದದ್ದು ಸುಮಾರು ಶೇ 2. ಕಾವಲಿಲ್ಲದ ತೀರಗಳಲ್ಲಿ ಶೇ 99. ದೈತ್ಯ ನದಿ ಆಮೆಗಳ ಸಂಖ್ಯೆ ಏರಿದೆ. ಅದೇ ತೀರಗಳಲ್ಲಿ ಮರಳಿನ ಮೇಲೆ ಮೊಟ್ಟೆಯಿಡುವ ಹಕ್ಕಿಗಳೂ, ಇಗ್ವಾನಾಗಳೂ, ಪಕ್ಕದ ನೀರಿನಲ್ಲಿ ದೊಡ್ಡ ಬೆಕ್ಕುಮೀನುಗಳೂ ಹೆಚ್ಚಿವೆ. ಅವನ್ನು ಯಾರೂ ಕಾಯಲು ಹೊರಟಿರಲಿಲ್ಲ. ಆಮೆಗೆಂದು ಕೂತ ಕಾವಲುಗಾರನಿಂದ ಅವೂ ಬದುಕಿದವು. ಆ ಕಾವಲುಗಾರರಿಗೆ ಸಿಗುವ ಪ್ರತಿಫಲ ಮಾತ್ರ ಅತ್ಯಲ್ಪ.

ದೊಡ್ಡ ಆಮೆಗಳ ಎಣಿಕೆಗೆ ಗುರುತು ಬೇಕು. ಗಟ್ಟಿ ಚಿಪ್ಪಿನ ಆಮೆಗಾದರೆ ಚಿಪ್ಪಿನ ಅಂಚಿನ ಫಲಕಗಳಲ್ಲಿ ಅರದಿಂದ ಸಣ್ಣ ಕಚ್ಚು ಹಾಕುತ್ತಾರೆ. ಬಲಗಡೆ ಎರಡನೆಯ ಫಲಕ, ಎಡಗಡೆ ಐದನೆಯದು ಎಂಬಂತೆ ಒಂದೊಂದು ಆಮೆಗೂ ಒಂದೊಂದು ಜೋಡಣೆ, ಅದೇ ಅದರ ನಂಬರು. ಪಕ್ಕದಲ್ಲಿ ಕೂತವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ತಾರೀಖು, ಜಾಗ, ಚಿಪ್ಪಿನ ಉದ್ದ, ತೂಕ. ಮತ್ತೆ ಸಿಕ್ಕಾಗ ತುಂಬಲು ಅದೇ ಸಾಲಿನ ಮುಂದಿನ ಕಾಲಂಗಳನ್ನು ಖಾಲಿ ಬಿಡುತ್ತಾರೆ. ಈ ವರ್ಷ ಗುರುತು ಹಾಕಿದ ಎಳೆಯ ಹೆಣ್ಣು ಮೊಟ್ಟೆಯಿಡಲು ಮೊದಲ ಸಲ ದಡ ಹತ್ತುವುದು ಹತ್ತೋ ಹದಿನೈದೋ ವರ್ಷದ ಮೇಲೆ. ಆ ರಾತ್ರಿ ಟಾರ್ಚ್ ಹಿಡಿದು ಅದರ ಕಚ್ಚುಗಳನ್ನು ಎಣಿಸುವವರು ಇಂದು ಅದೇ ದಡದಲ್ಲಿ ಆಡಿಕೊಂಡಿರುವ ಮಕ್ಕಳು.